ಮಗಳಿಗೊಂದು ಪತ್ರ: ಪಾಪು ಆಪರೇಷನ್ ಮುಂದಕ್ಕೆ ಹಾಕಬೇಡ

ಮಂಡ್ಯ

ಮಗಳೇ,

ರಾತ್ರಿ ನೀನು ಮಾತಿನ ಮಧ್ಯೆಯೇ ಫೋನ್ ಇಟ್ಟುಬಿಟ್ಟೆ. ಮತ್ತೆ ಮಾಡಿದರೆ ಇಬ್ಬರೂ ದನಿ ಏರಿಸುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. "ಪಾಪು ಸ್ವಲ್ಪ ಮೈ ತುಂಬಲಿ, ಆರು ತಿಂಗಳು ಆಗಲಿ, ಆಮೇಲೆ ಎದೆ ಆಪರೇಷನ್ ಮಾಡಿಸೋಣ" ಅಂದೆಯಲ್ಲ, ಅದು ಬೇಡ ಕಣಮ್ಮ.

ಮೈಸೂರಿನ ಆಸ್ಪತ್ರೆಯಲ್ಲಿ ಅವಳನ್ನು ನನ್ನ ತೊಡೆ ಮೇಲೆ ಮಲಗಿಸಿದಾಗ ಬಟ್ಟೆ ಸರಿದಿತ್ತು. ಎದೆ ನಡುವೆ ಮೂಳೆ ಇರಬೇಕಾದ ಕಡೆ ಬರೀ ಚರ್ಮ. ಅದರಡಿ ಗುಂಡಿಗೆ ಬಡಿಯುವುದು ಕಣ್ಣಿಗೇ ಕಾಣುತ್ತಿತ್ತು. ಅತ್ತರೆ ಅಲ್ಲಿ ಉಬ್ಬುತ್ತೆ, ಉಸಿರೆಳೆದರೆ ಒಳಕ್ಕೆ ಹೋಗುತ್ತೆ. ಗದ್ದೆಗೆ ನೀರು ಕಟ್ಟುವಾಗಲೂ ಅದೇ ಕಣ್ಮುಂದೆ, ಊಟಕ್ಕೆ ಕೂತರೂ ಅದೇ. ಯಾವುದೋ ಮಗು ಆಡುತ್ತಾ ಕೈ ಬೀಸಿದರೆ? ಎತ್ತಿಕೊಂಡವರ ಮೊಣಕೈ ತಗುಲಿದರೆ? ಕಾಪಾಡೋಕೆ ಅಲ್ಲಿ ಮೂಳೆಯೇ ಇಲ್ಲವಲ್ಲ. ಅಂಥ ಎದೆಯನ್ನು ನೀನು ಕೈ ನಡುಗದೆ ಒರೆಸುತ್ತೀಯ, ಅಪ್ಪಿಕೊಂಡು ಹಾಲು ಕುಡಿಸುತ್ತೀಯ. ನೋಡಿ ನನಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ?

ಡಾಕ್ಟರ್ ಹತ್ತಿರ ಕೂತು ಎಲ್ಲ ಕೇಳಿ ತಿಳಿದುಕೊಂಡೆ. ಗರ್ಭದಲ್ಲಿ ಎದೆಮೂಳೆ ಮೊದಲು ಎರಡು ಪಟ್ಟಿಯಾಗಿರುತ್ತೆ. ಮೂರನೇ ತಿಂಗಳೊಳಗೆ ಅವು ಕೂಡಿಕೊಳ್ಳಬೇಕು. ಇವಳಿಗೆ ಮೇಲ್ಭಾಗ ಕೂಡಲಿಲ್ಲ, ಅಷ್ಟೇ. ನೀನು ಗ್ರಹಣದ ದಿನ ಹೊರಗೆ ಬಂದಿದ್ದಕ್ಕಲ್ಲ. ನಮ್ಮ ನೆಂಟರ ಬಾಯಲ್ಲೇ ಆ ಮಾತು ಬಂತು, ಬಾಣಂತಿಯಾದ ನಿನ್ನ ಕಿವಿಗೂ ಬಿತ್ತು. ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ಈಗ ಅವಳ ಪಕ್ಕೆಲುಬು ಮೆತ್ತಗಿವೆ. ಮೊದಲ ತಿಂಗಳಲ್ಲೇ ಆಪರೇಷನ್ ಆದರೆ ಎದೆಮೂಳೆಯ ಎರಡೂ ಅಂಚು ಹತ್ತಿರ ಎಳೆದು ಹೊಲಿಯುವುದು ಸುಲಭ. ತಡವಾದಷ್ಟೂ ಎದೆಗೂಡು ಬಿಗಿಯಾಗುತ್ತೆ. ಆಗ ಎಳೆದು ಮುಚ್ಚಿದರೆ ಗುಂಡಿಗೆ ಅದುಮಿದಂತಾಗಿ ಬಿಪಿ ಬೀಳಬಹುದು. ಬೇರೆ ಕಡೆಯ ಮೂಳೆ ತಂದು ಜೋಡಿಸಬೇಕಾಗಲೂಬಹುದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಎಕೋದಲ್ಲಿ, ಅಂದರೆ ಗುಂಡಿಗೆಯ ಸ್ಕ್ಯಾನಿಂಗ್‌ನಲ್ಲಿ, ತೂತು ಕಂಡಿಲ್ಲ, ಗುಂಡಿಗೆ ಅದರ ಜಾಗದಲ್ಲೇ ಇದೆ. ಅದೇ ದೊಡ್ಡ ಪುಣ್ಯ. ಕೆಲವು ಮಕ್ಕಳಿಗೆ ಗುಂಡಿಗೆ ಎದೆಯ ಹೊರಗೇ ಇರುತ್ತೆ. ಅಂಥ ಮಗುವನ್ನೂ 1975ರಲ್ಲಿ ಅಮೆರಿಕದ ಕೂಪ್ ಅನ್ನೋ ಸರ್ಜನ್ ಎರಡು ಹಂತದ ಆಪರೇಷನ್ ಮಾಡಿ ಉಳಿಸಿದರು. ಇವಳ ಮುಖದ ಮೇಲೆ ಕೆಂಪು ಮಚ್ಚೆ ಇದೆಯಾ ಅಂತ ಡಾಕ್ಟರ್ ನೋಡಿದ್ದು ಸುಮ್ನೆ ಅಲ್ಲ. ಈ ತೊಂದರೆ ಜೊತೆ ಅಂಥ ಮಚ್ಚೆ ಇದ್ದರೆ ಮೆದುಳಿನ ರಕ್ತನಾಳವನ್ನೂ ಪರೀಕ್ಷೆ ಮಾಡಬೇಕಾಗುತ್ತೆ. ಆಪರೇಷನ್ ಆದಮೇಲೆ ವೆಂಟಿಲೇಟರ್ ಎಷ್ಟು ಹೊತ್ತು ಇರಬಹುದು ಅಂತ ಈಗಲೇ ಕೇಳು. ಕೈ ತೊಳೆಯದೆ ಯಾರಿಗೂ ಎತ್ತಿಕೊಳ್ಳೋಕೆ ಬಿಡಬೇಡ. ಅತ್ತೆಯವರು ಬೇಜಾರಾದರೂ ಸರಿ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು, ಜಾಸ್ತಿ ನಿದ್ದೆಗೆಡಬೇಡ.

ನಾಮಕರಣ ಆಮೇಲೆ ಮಾಡೋಣ. ಕಬ್ಬಿನ ದುಡ್ಡು ಕೈಗೆ ಬಂದಿದೆ, ಅದನ್ನು ಮುಟ್ಟಿಲ್ಲ. ಅಳಿಯಂದಿರಿಗೂ ಈ ಪತ್ರ ಓದಿ ಹೇಳು. ಡಾಕ್ಟರ್ ಯಾವ ದಿನ ಕೊಡುತ್ತಾರೋ ಒಪ್ಪಿಕೊಂಡು ನನಗೆ ಒಂದು ಮೆಸೇಜ್ ಹಾಕು. ನಾನು, ನಿಮ್ಮಮ್ಮ ಹಿಂದಿನ ದಿನವೇ ಬರುತ್ತೇವೆ. ರಕ್ತ ಬೇಕಾದರೆ ಕೊಡೋಕೆ ನಿನ್ನ ತಮ್ಮನೂ ಬರುತ್ತಾನೆ.

ನಿನ್ನ ಅಪ್ಪ