ಅತ್ತಿದ್ದಲ್ಲಮ್ಮ, ಇದು ಸೀಡರ್ ಮರದ ಕಾಟ

ಆಸ್ಟಿನ್, ಟೆಕ್ಸಾಸ್
11 ಜನವರಿ 2026

ಪ್ರೀತಿಯ ಅಮ್ಮ,

ಮೊನ್ನೆ ವಿಡಿಯೋ ಕಾಲ್‌ನಲ್ಲಿ ನನ್ನ ಮುಖ ನೋಡಿ ಗಾಬರಿಯಾದೆಯಂತೆ, ಅಕ್ಕ ಹೇಳಿದಳು. "ಕಣ್ಣು ಊದಿಕೊಂಡಿದೆ, ಗಂಡ ಹೆಂಡತಿ ಜಗಳ ಆಡಿರಬೇಕು" ಅಂದೆಯಂತೆ. ಪಾಪ, ನಿನ್ನ ಅಳಿಯ ದಿನಾ ಬೆಳಿಗ್ಗೆ ಮೆಣಸಿನ ಕಷಾಯ ಕಾಯಿಸಿ ಕೊಡುತ್ತಿದ್ದಾರೆ. ಅವರ ಮೇಲೆ ಅನುಮಾನ ಬೇಡ. ಇದೆಲ್ಲ ಮರದ ಕಾಟ. ಫೋನಿನಲ್ಲಿ ಹೇಳೋಣ ಅಂದರೆ ಮಾತಿಗೊಂದು ಸೀನು. ಅದಕ್ಕೇ ಬರೆಯುತ್ತಿದ್ದೇನೆ.

ಈ ಊರಿನ ಪಶ್ಚಿಮಕ್ಕೆ ಗುಡ್ಡಗಳಿವೆಯಲ್ಲ, ಅಲ್ಲೆಲ್ಲ ಒಂದು ಜಾತಿಯ ಜುನಿಪರ್ ಮರ. ಇಲ್ಲಿಯವರು ಅದಕ್ಕೆ ಮೌಂಟನ್ ಸೀಡರ್ ಅಂತಾರೆ. ಬೇರೆ ಮರಗಳಿಗೆ ವಸಂತ ಬಂದರೆ, ಇದಕ್ಕೆ ಚಳಿಗಾಲವೇ ಆಗಬೇಕು. ಡಿಸೆಂಬರ್ ಹೊತ್ತಿಗೆ ಗಂಡು ಮರಗಳು ಕಂದು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಒಣ ಶೀತಗಾಳಿ ಬೀಸಿದ ದಿನ ಪರಾಗ ಹೊಗೆಯಾಗಿ ಮೇಲೇಳುತ್ತದೆ. ಬೆಂಕಿ ಬಿದ್ದಿದೆ ಅಂದುಕೊಂಡು ಅಗ್ನಿಶಾಮಕದವರಿಗೆ ಫೋನ್ ಮಾಡುವವರೂ ಇದ್ದಾರೆ, ತಮಾಷೆಯಲ್ಲ! ಇದಕ್ಕೆ ಸೀಡರ್ ಫೀವರ್ ಅಂತ ಹೆಸರು, ಆದರೆ ಜ್ವರ ಬರುವುದಿಲ್ಲ. ಸೀನು, ಸೋರುವ ಮೂಗು, ಕಣ್ಣು ಕೆರೆತ, ಮೈ ಭಾರ ಅಷ್ಟೇ. ಬಂದ ಹೊಸದರಲ್ಲಿ ನನಗೆ ಏನೂ ಆಗಿರಲಿಲ್ಲ. "ಎರಡು ಮೂರು ಚಳಿಗಾಲ ಕಳೆಯಲಿ, ನೋಡು" ಅಂತ ಇಲ್ಲಿಯ ಹಳಬರು ನಗುತ್ತಿದ್ದರು. ಹಾಗೇ ಆಯಿತು.

ಅಲರ್ಜಿಗಿಂತ ಅದರ ಮಾತ್ರೆಯದ್ದೇ ದೊಡ್ಡ ಕಥೆ. ಮೊದಲು ಪಕ್ಕದ ಮನೆಯವರು ಒಂದು ಗುಲಾಬಿ ಬಣ್ಣದ ಮಾತ್ರೆ ಕೊಟ್ಟರು, ಡೈಫೆನ್‌ಹೈಡ್ರಮಿನ್. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಇರುವುದೂ ಇದೇ. ರಾತ್ರಿ ನುಂಗಿದೆ. ಮೂಗು ನಿಂತಿತು, ಜೊತೆಗೆ ತಲೆಯೂ ನಿಂತಿತು. ಬೆಳಿಗ್ಗೆ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಮೀಟಿಂಗಿನಲ್ಲಿ ಯಾರಾದರೂ ಏನಾದರೂ ಕೇಳಿದರೆ, ಅದು ನನಗೆ ಅರ್ಥವಾಗುವಷ್ಟರಲ್ಲಿ ಅವರು ಮುಂದಿನ ವಿಷಯಕ್ಕೆ ಹೋಗಿರುತ್ತಿದ್ದರು. ಅವತ್ತು ಕಾರು ಮುಟ್ಟಲಿಲ್ಲ. ಅಲರ್ಜಿಯಲ್ಲಿ ಸೀನು, ತುರಿಕೆ ತರುವ ಹಿಸ್ಟಮಿನ್ ಅನ್ನುವ ರಾಸಾಯನಿಕ ಮಿದುಳಿನಲ್ಲೂ ಇದೆ, ನಮ್ಮನ್ನು ಎಚ್ಚರವಾಗಿಡುವುದರಲ್ಲಿ ಅದಕ್ಕೂ ಪಾಲಿದೆ. ಹಳೇ ಕಾಲದ ಅಲರ್ಜಿ ಮಾತ್ರೆಗಳು ಮಿದುಳಿನ ಒಳಗೂ ಹೋಗಿ ಅದನ್ನೂ ತಡೆಯುತ್ತವೆ.

ಆಮೇಲೆ ಸೆಟ್ರಿಜಿನ್. ಅದು ವಾಸಿ, ಆದರೂ ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಎಳೆಯುತ್ತಿತ್ತು. ಇದನ್ನು ತಿಂಗಳುಗಟ್ಟಲೆ ದಿನಾ ತಗೊಂಡು ನಿಲ್ಲಿಸಿದರೆ ಅಪರೂಪಕ್ಕೆ ಕೆಲವರಿಗೆ ವಿಪರೀತ ತುರಿಕೆ ಬರುತ್ತದೆ ಅಂತ 2025ರ ಮೇ ತಿಂಗಳಲ್ಲಿ ಇಲ್ಲಿಯ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿದೆ. ಈಗ ಡಾಕ್ಟರು ಫೆಕ್ಸೊಫೆನಡಿನ್ ಬರೆದುಕೊಟ್ಟಿದ್ದಾರೆ. ನನಗೆ ಇದರಿಂದ ತೂಕಡಿಕೆ ಇಲ್ಲ. ಕಿತ್ತಳೆ ಜ್ಯೂಸ್, ಸೇಬಿನ ಜ್ಯೂಸ್ ಜೊತೆ ನುಂಗಿದರೆ ಮಾತ್ರ ಮೈಗೆ ಸರಿಯಾಗಿ ಹತ್ತುವುದಿಲ್ಲ. ನೀರಿನಲ್ಲೇ ನುಂಗಬೇಕು.

ಜೊತೆಗೆ ಮೂಗಿಗೆ ಸ್ಟೆರಾಯ್ಡ್ ಸ್ಪ್ರೇ. ಸ್ಟೆರಾಯ್ಡ್ ಅಂದ ಕೂಡಲೇ ಹೆದರಬೇಡ, ಮೈಗೆ ಸೇರುವುದು ತುಂಬಾ ಕಡಿಮೆ. ಅದನ್ನು ಹಾಕಿಕೊಳ್ಳುವುದನ್ನು ನರ್ಸ್ ಕೂರಿಸಿಕೊಂಡು ಕಲಿಸಿದರು. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ತಲೆ ಸ್ವಲ್ಪ ಮುಂದೆ ಬಗ್ಗಿಸಿ, ತುದಿಯನ್ನು ಕಿವಿಯ ಕಡೆಗೆ ತಿರುಗಿಸಿ ಒತ್ತಬೇಕು. ಮಧ್ಯದ ಗೋಡೆಗೇ ಹೊಡೆದುಕೊಂಡರೆ ಅದು ಒಣಗಿ ರಕ್ತ ಬರುತ್ತದೆ. ಜೋರಾಗಿ ಎಳೆದುಕೊಂಡರೆ ಎಲ್ಲಾ ಗಂಟಲಿಗೆ ಇಳಿದು ಬಾಯಿ ಕೆಡುತ್ತದೆ. ನನ್ನ ಸ್ಪ್ರೇಗೆ ಗುಲಾಬಿ ಹೂವಿನ ವಾಸನೆ ಬೇರೆ! ಗುಣ ಕಾಣಲು ಕೆಲವು ದಿನ ಬೇಕು, ಆದ್ದರಿಂದ ದಿನಾ ತಪ್ಪದೆ ಹಾಕಿಕೊಳ್ಳುತ್ತಿದ್ದೇನೆ.

ನೀನು ಹೇಳಿದ ಜಲನೇತಿಯನ್ನೂ ಬಿಟ್ಟಿಲ್ಲ, ಉಪ್ಪುನೀರು ಹಾಯಿಸಿ ಮೂಗು ತೊಳೆಯುತ್ತಿದ್ದೇನೆ. ನೀರು ಕುದಿಸಿ ಆರಿಸಿಯೇ ಮಾಡುತ್ತೇನೆ. ಮಿದುಳು ತಿನ್ನುವ ಅಮೀಬಾ ಅಂತ ಕೇರಳದ ಸುದ್ದಿ ಪೇಪರಿನಲ್ಲಿ ಓದಿದ್ದೀಯಲ್ಲ, ಅದು ಮೂಗಿನಿಂದಲೇ ಒಳಗೆ ಹೋಗುವುದು. ನೀನೂ ನಲ್ಲಿ ನೀರನ್ನು ಹಾಗೇ ಬಳಸಬೇಡ.

ಇನ್ನು ಮುಂದಿನದು ಅಪ್ಪನಿಗೆ. ಕನ್ನಡಕ ಕೊಟ್ಟು ಅವರ ಕೈಗೇ ಕೊಡು.

ಅಪ್ಪಾ, ಗಣೇಶನ ಹಬ್ಬದ ಹೊತ್ತಿಗೆ ಶುರುವಾಗುವ ನಿಮ್ಮ ಸೀನು ಪಕ್ಕದ ಖಾಲಿ ಸೈಟಿನ ಕಾಂಗ್ರೆಸ್ ಗಿಡದ್ದೇ ಇರಬೇಕು ಅಂತ ನನ್ನ ಅನುಮಾನ. ಮೆಡಿಕಲ್ ಶಾಪಿನಿಂದ ನೆಗಡಿ ಮಾತ್ರೆ ತಂದು ಷರ್ಟಿನ ಜೇಬಲ್ಲಿ ಇಟ್ಟುಕೊಂಡು ಓಡಾಡುತ್ತೀರಲ್ಲ, ಆ ಸ್ಟ್ರಿಪ್ಪಿನ ಹಿಂದೆ ಏನು ಬರೆದಿದೆ ನೋಡಿ. ಕ್ಲೋರ್‌ಫೆನಿರಮಿನ್ ಅಥವಾ ಫೆನಿರಮಿನ್ ಅಂತ ಇದ್ದರೆ ಅದು ನನ್ನ ಗುಲಾಬಿ ಮಾತ್ರೆಯ ಅಣ್ಣತಮ್ಮನೇ. ನಿಮಗೆ ಪ್ರಾಸ್ಟೇಟ್ ತೊಂದರೆ ಇದೆ. ಅಂಥವರಿಗೆ ಇದರಿಂದ ಮೂತ್ರ ಕಟ್ಟಬಹುದು. ವಯಸ್ಸಾದವರಿಗೆ ಮಲಬದ್ಧತೆ, ಮಂಕು ಎಲ್ಲಾ ಜಾಸ್ತಿ. ಮೂಗು ಕಟ್ಟಿದ್ದು ಬಿಡಲಿ ಅಂತ ಹಾಕುವ ಫಿನೈಲ್‌ಎಫ್ರಿನ್ ಸೇರಿಸಿದ್ದರೆ ಬಿಪಿಗೂ ಒಳ್ಳೆಯದಲ್ಲ. ಅದನ್ನು ನುಂಗಿ ಸ್ಕೂಟರ್ ಹತ್ತುವುದಂತೂ ಬೇಡವೇ ಬೇಡ. ಮುಂದಿನ ಸಲ ಚೆಕಪ್‌ಗೆ ಹೋದಾಗ ಸ್ಟ್ರಿಪ್ ತಗೊಂಡು ಹೋಗಿ ತೋರಿಸಿ, ಅಲ್ಲಿಯವರೆಗೆ ನುಂಗಬೇಡಿ. "ಇಷ್ಟು ವರ್ಷ ಏನೂ ಆಗಿಲ್ಲ" ಅಂತೀರಿ, ಗೊತ್ತು. ಇಷ್ಟು ವರ್ಷ ಪ್ರಾಸ್ಟೇಟ್ ತೊಂದರೆಯೂ ಇರಲಿಲ್ಲ ಅಲ್ವಾ?

ಅಮ್ಮ, ಅಕ್ಕನಿಗೂ ಒಂದು ಮಾತು ಹೇಳು. ಪುಟ್ಟನಿಗೆ ಅಲರ್ಜಿ, ಉಬ್ಬಸಕ್ಕೆ ಕೊಡುವ ಮಾಂಟೆಲುಕಾಸ್ಟ್ ಮಾತ್ರೆ ಕೊಡುತ್ತಿದ್ದಾಳಲ್ಲ, ಅದರಿಂದ ಕೆಲವರಿಗೆ ಕೆಟ್ಟ ಕನಸು, ಸಿಡಿಮಿಡಿ, ಮನಸ್ಸು ಕುಗ್ಗುವುದು ಆಗುತ್ತದೆ ಅಂತ 2020ರಲ್ಲೇ ಇಲ್ಲಿ ಔಷಧದ ಮೇಲೆ ದೊಡ್ಡ ಎಚ್ಚರಿಕೆ ಹಾಕಿಸಿದ್ದಾರೆ. ಅವಳಾಗಿಯೇ ನಿಲ್ಲಿಸುವುದು ಬೇಡ. ಮಗುವಿನ ನಿದ್ದೆ, ಸ್ವಭಾವ ಬದಲಾದ ಹಾಗೆ ಕಂಡರೆ ತಕ್ಷಣ ಡಾಕ್ಟರಿಗೆ ಹೇಳಲಿ.

ಈ ವಾರ ಸಂಕ್ರಾಂತಿ. ಎಳ್ಳು ಬೀರುವುದು ಸಂಘದ ಹಾಲ್‌ನಲ್ಲಿ, ಒಳಗೇ ಇಟ್ಟಿದ್ದಾರೆ, ಅದಕ್ಕೇ ಧೈರ್ಯವಾಗಿ ಹೋಗುತ್ತಿದ್ದೇನೆ. ಸಕ್ಕರೆ ಅಚ್ಚು ಈ ಸಲ ಮುರಿಯದೆ ಬಂದಿವೆ. ಫೆಬ್ರವರಿಯಲ್ಲಿ ಚಿಕ್ಕಪ್ಪ ಬರುವಾಗ ಅವರ ಕೈಯಲ್ಲಿ ಮಾತ್ರೆ ಗೀತ್ರೆ ಕಳಿಸಬೇಡ. ಸಾರಿನ ಪುಡಿ ಮುಗಿದಿದೆ, ಅದನ್ನು ಜಾಸ್ತಿಯೇ ಕಳಿಸು. ಸೀಡರ್ ಮುಗಿದ ಮೇಲೆ ಓಕ್ ಮರದ ಸರದಿ ಇದೆಯಂತೆ.

ಅಜ್ಜಿಗೆ ನಮಸ್ಕಾರ ಹೇಳು.

ಇಂತಿ,
ನಿನ್ನ ಸುಮಾ