ಜೆರಾಕ್ಸಿಗೆ ಬಾರದ ಪ್ರಶ್ನೆ ಗುರುತು

ಮಾನ್ಯ ಸಂಪಾದಕರೇ,

ವಂಶವೃಕ್ಷ ಬರೆಸಿ ಫ್ರೇಮು ಹಾಕಿಸುವವರ ಬಗ್ಗೆ ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ದಾಖಲೆ ಸಿಗದ ಹಿರಿಯರನ್ನೂ ಸೇರಿಸಿಕೊಳ್ಳಿ ಎಂದು ಅದರಲ್ಲಿ ಒಂದು ಮಾತಿತ್ತು. ಹಾಗೆ ಸೇರಿಸಿ ಕೈ ಸುಟ್ಟುಕೊಂಡವನು ನಾನು. ಅದಕ್ಕೇ ಈ ಕಾಗದ.

ನಾನು ಹಾಸನ ಜಿಲ್ಲೆಯವನು. ಸಬ್ ರಿಜಿಸ್ಟ್ರಾರ್ ಕಚೇರಿ ಎದುರು 32 ವರ್ಷ ಕೂತು ಕ್ರಯಪತ್ರ, ವಿಭಾಗಪತ್ರ ಬರೆದವನು. ಯಾರು ಯಾರ ಮಗ ಎಂದು ಕೇಳುವುದೇ ನನ್ನ ಹೊಟ್ಟೆಪಾಡು. ನಮ್ಮ ಹಳೇ ಊರು ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹೋಯಿತು. ಅಣೆಕಟ್ಟು ಮುಗಿದದ್ದು 1979ರಲ್ಲಿ. ಶೆಟ್ಟಿಹಳ್ಳಿ ಚರ್ಚಾದರೂ ನೀರಿಳಿದಾಗ ಕಾಣುತ್ತದೆ, ಜನ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಮಾರಮ್ಮನ ಗುಡಿ ಯಾವ ಬೇಸಿಗೆಯಲ್ಲೂ ಕಾಣುವುದಿಲ್ಲ.

1994ರಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಮನೆತನದ ಹೆಸರುಗಳನ್ನು ಬರೆದೆ. ಅಜ್ಜಿಗೆ ಆಗ 90ರ ಹತ್ತಿರ. "ಬರ್ಕೋ ಮಗ, ಆಮೇಲೆ ಹೇಳೋರು ಯಾರೂ ಇರಾಕಿಲ್ಲ" ಅಂದರು. ಅವರ ಮಾವ, ಅಂದರೆ ನನ್ನ ಮುತ್ತಜ್ಜ, ಜ್ವರದ ವರ್ಷ ತೀರಿಕೊಂಡರಂತೆ. ಅದು 1918ರ ಇನ್‌ಫ್ಲುಯೆಂಜಾ. ಮುತ್ತಜ್ಜನ ಅಪ್ಪ ಯಾರು ಎಂದರೆ ಅಜ್ಜಿಗೂ ಗೊತ್ತಿರಲಿಲ್ಲ.

ಆಮೇಲೆ ಅಟ್ಟದ ಟ್ರಂಕಿನಲ್ಲಿ 1911ರ ಒಂದು ಕ್ರಯಪತ್ರ ಸಿಕ್ಕಿತು. ಮುತ್ತಜ್ಜನದೇ ಹೆಸರು, ಅದೇ ಊರು, ಮುಂದೆ 'ಬಿನ್' ಇಂಥವರು ಎಂದು ಅಪ್ಪನ ಹೆಸರು. ಕುಣಿದಾಡಿಬಿಟ್ಟೆ. ಆ ಅಪ್ಪನ ಹೆಸರನ್ನು ನೋಟ್‌ಬುಕ್ಕಿನಲ್ಲಿ ಮೇಲಿನ ಸಾಲಿಗೆ ಬರೆದೆ. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆ ಗುರುತು ಹಾಕಿದೆ. ಅಷ್ಟಾದರೂ ಬುದ್ಧಿ ಇತ್ತು.

2009ರಲ್ಲಿ ನಮ್ಮ ದಾಯಾದಿಯೊಬ್ಬರು ಆ ನೋಟ್‌ಬುಕ್ಕನ್ನು ಜೆರಾಕ್ಸ್ ಮಾಡಿಸಿಕೊಂಡು ಹೋದರು. ಪೆನ್ಸಿಲ್ ಗುರುತು ಜೆರಾಕ್ಸಿನಲ್ಲಿ ಮೂಡಲೇ ಇಲ್ಲ. ಅದೇ ಪ್ರತಿ ನೋಡಿ ಬಣ್ಣದ ವಂಶವೃಕ್ಷ ಅಚ್ಚಾಯಿತು, ನಾಲ್ಕು ಮನೆಯ ಗೋಡೆಗೆ ಹೋಯಿತು. ಮನೆದೇವರ ಗುಡಿ ಜೀರ್ಣೋದ್ಧಾರವಾದಾಗ ಗ್ರಾನೈಟ್ ಕಲ್ಲಿನಲ್ಲಿ ಕೆತ್ತಿಸಿದರು. ಮೂಲಪುರುಷ ಅಂತ ಬೇರೆ!

ಇಷ್ಟರಲ್ಲಿ ಇನ್ನೊಂದು ಪತ್ರ ನನ್ನ ಕೈಗೆ ಬಂತು. 1926ರದು. 1911ರಲ್ಲಿ ಕೊಂಡ ಅದೇ ಜಮೀನನ್ನು ಅದೇ ಮನುಷ್ಯ ಮಾರಿದ್ದಾನೆ. ಅದೇ ಹೆಸರು, ಅದೇ ಬಿನ್, ಕೆಳಗೆ ಹೆಬ್ಬೆಟ್ಟು. 1918ರಲ್ಲಿ ತೀರಿಕೊಂಡವರು 1926ರಲ್ಲಿ ಹೆಬ್ಬೆಟ್ಟು ಒತ್ತುವುದು ಹೇಗೆ?

ಆಮೇಲೆ ಹೊಳೆಯಿತು. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಅಣ್ಣ ತಮ್ಮ ಇಬ್ಬರೂ ತಮ್ಮ ಮೊದಲ ಮಗನಿಗೆ ಅಪ್ಪನ ಹೆಸರಿಟ್ಟರೆ ಒಂದೇ ಬೀದಿಯಲ್ಲಿ ಒಂದೇ ಹೆಸರಿನ ಇಬ್ಬರು ಓಡಾಡುತ್ತಾರೆ. ಬೇರೆಯವರ ಪತ್ರ ಬರೆಯುವಾಗ ಚೆಕ್ಕುಬಂದಿ, ಸರ್ವೆ ನಂಬರು ಎಲ್ಲ ಎರಡು ಸಲ ನೋಡುತ್ತಿದ್ದ ನಾನು ನನ್ನ ಮುತ್ತಜ್ಜನ ವಿಷಯದಲ್ಲಿ ಬರೀ ಹೆಸರು ನೋಡಿ ನಂಬಿದ್ದೆ. ಆ ಬಿನ್‌ನಲ್ಲಿದ್ದವರು ಮುತ್ತಜ್ಜನ ದೊಡ್ಡಪ್ಪನೋ ಚಿಕ್ಕಪ್ಪನೋ ಇರಬೇಕು. ಇದೂ ನನ್ನ ಊಹೆಯೇ, ನೆನಪಿರಲಿ.

ಹೋದ ವರ್ಷ ಬೆಂಗಳೂರಿನಿಂದ ನೆಂಟರ ಹುಡುಗ ಬಂದಿದ್ದ. ಫೋನಿನಲ್ಲೇ ವಂಶವೃಕ್ಷ ಮಾಡಿದ್ದಾನೆ. ತಪ್ಪು ಎಂದೆ. "ಇಲ್ಲ ದೊಡ್ಡಪ್ಪ, ಮೂರು ಕಡೆ ಇದೆ. ಕಲ್ಲಿನಲ್ಲೂ ಇದೆಯಲ್ಲ" ಅಂದ. ಮೂರೂ ನನ್ನ ನೋಟ್‌ಬುಕ್ಕಿನ ಮರಿಗಳು ಎಂದು ಅವನನ್ನು ನಂಬಿಸಲು ಎರಡು ಲೋಟ ಕಾಫಿ ಖರ್ಚಾಯಿತು. ಹೀಗೇ ಬಿಟ್ಟರೆ ಐದನೇ ಶತಮಾನದ ಹಲ್ಮಿಡಿ ಶಾಸನದ ವಿಜ ಅರಸನನ್ನೂ ಯಾರಾದರೂ ಮುತ್ತಜ್ಜ ಮಾಡಿಕೊಂಡಾರು. ತಲೆಮಾರಿಗೆ 25 ವರ್ಷ ಎಂದರೂ ಅಲ್ಲಿಂದ ಇಲ್ಲಿಗೆ 60ಕ್ಕೂ ಜಾಸ್ತಿ ತಲೆಮಾರು. ನಾನು ನಾಲ್ಕನೆಯದಕ್ಕೇ ಎಡವಿದ್ದೇನೆ.

ಹಾಗಂತ ದಾಖಲೆ ಇಲ್ಲದವರನ್ನು ಬಿಟ್ಟುಬಿಡಿ ಎನ್ನಲು ನನ್ನಿಂದಾಗದು. ಬಿಟ್ಟರೆ ಮೊದಲು ಹೋಗುವವರು ಹೆಂಗಸರು. ನಾನು ಓದಿದ ಹಳೇ ಪತ್ರಗಳಲ್ಲಿ ಹೆಂಗಸಿನ ಹೆಸರು ಬರುವುದೇ ಕಮ್ಮಿ. ಬಂದರೂ 'ಕೋಂ' ಎಂದು ಗಂಡನ ಹೆಸರು ಇರುತ್ತದೆ, ತವರಿನ ಸುಳಿವೇ ಇರುವುದಿಲ್ಲ. ನಮ್ಮ ಅಜ್ಜಿಯ ಅವ್ವನ ಹೆಸರು ಯಾವ ಕಾಗದದಲ್ಲೂ ಇಲ್ಲ. ಅಜ್ಜಿ ಬಾಯಿಬಿಟ್ಟು ಹೇಳಿದ್ದಕ್ಕೆ ಇದೆ. ಅದನ್ನು ಅಳಿಸಲೇ?

ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷಕ್ಕೆ ಅಫಿಡವಿಟ್ಟು, ಮಹಜರು ಅಂತ ಏನಾದರೂ ಕೇಳುತ್ತಾರೆ. ಗೋಡೆಯ ಮೇಲಿನದಕ್ಕೆ ಕೇಳುವವರಿಲ್ಲ, ನಾವೇ ಕೇಳಿಕೊಳ್ಳಬೇಕು. ನಾನೀಗ ಹೊಸ ನೋಟ್‌ಬುಕ್ಕಿನಲ್ಲಿ ಹೀಗೆ ಮಾಡಿದ್ದೇನೆ. ಪತ್ರ ಇದ್ದವರ ಹೆಸರಿನ ಕೆಳಗೆ ಪತ್ರದ ನಂಬರು, ವರ್ಷ. ಕೇಳಿ ಬರೆದದ್ದಾದರೆ ಹೇಳಿದವರ ಹೆಸರು: 'ಅಜ್ಜಿ ಹೇಳಿದ್ದು, 1994'. ನಾನೇ ಊಹಿಸಿದ್ದಾದರೆ ಗೆರೆ ಎಳೆಯದೆ ಚುಕ್ಕಿ ಚುಕ್ಕಿ ಇಟ್ಟು, 'ಊಹೆ' ಎಂದು ದಪ್ಪ ಅಕ್ಷರದಲ್ಲಿ, ಪೆನ್ನಿನಲ್ಲೇ. ಪೆನ್ಸಿಲ್ ಸಹವಾಸ ಸಾಕು.

ಇನ್ನು ಗುಡಿಯ ಕಲ್ಲು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಆ ಹಿರಿಯರ ಹೆಸರನ್ನೂ ಹೇಳುತ್ತೇವೆ. ಅದಕ್ಕೆ ನನ್ನ ತಕರಾರಿಲ್ಲ, ದಾಯಾದಿಯಾದರೂ ಹಿರಿಯರೇ ಅಲ್ವಾ. ಆದರೆ ಕಲ್ಲಿನ ಮೇಲೆ 'ಊಹೆ' ಎಂದು ಸೇರಿಸೋಣ ಎಂದರೆ ಮನೆಯವರು ಯಾರೂ ಒಪ್ಪುತ್ತಿಲ್ಲ. ಕೆತ್ತುವವನೂ ಜಾಗ ಇಲ್ಲ ಎನ್ನುತ್ತಿದ್ದಾನೆ. ಓದುಗರಲ್ಲಿ ಯಾರಾದರೂ ಇಂಥ ಕಲ್ಲನ್ನು ತಿದ್ದಿಸಿದ್ದರೆ ಈ ಅಂಕಣದಲ್ಲೇ ತಿಳಿಸಲಿ.

ಇಂತಿ,
ಒಬ್ಬ ನಿವೃತ್ತ ಪತ್ರ ಬರಹಗಾರ, ಹಾಸನ