ಹಗ್ಗ ಸಿಕ್ಕಿಸಿಕೊಂಡೇ ಮೇಲೆ ಬಾ, ಮಗಳೇ

ಪುಟ್ಟಿ,

ನಿನ್ನೆ ರಾತ್ರಿ ಫೋನಿಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ನೀನೂ ಮಲಗಿರಲಿಕ್ಕಿಲ್ಲ. ಮಾತು ಅಷ್ಟು ಜೋರಾಗಬಾರದಿತ್ತು. ಬೇಜಾರಾಗಿದ್ದರೆ ಬಿಟ್ಟುಬಿಡು. ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತು ಮುಗಿಯುವ ಮುಂಚೆಯೇ ಇನ್ನೊಬ್ಬರು ಶುರು ಮಾಡುತ್ತೇವೆ. ಅದಕ್ಕೇ ಬರೆಯಲು ಕೂತಿದ್ದೇನೆ. ಇಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ, ಕೊನೆವರೆಗೂ ಓದಬೇಕು.

ನವೆಂಬರ್ ಕೊನೆಗೆ ಕೆನರಿ ದ್ವೀಪಗಳಿಂದ ಹೊರಟು ಅಟ್ಲಾಂಟಿಕ್ ದಾಟುವ ಹಾಯಿದೋಣಿಯಲ್ಲಿ ನಿನಗೆ ಜಾಗ ಸಿಕ್ಕಿದೆ. ಸುಮಾರು 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್. ಐದಾರು ನಾಟ್ ವೇಗ, ಅಂದರೆ ಗಂಟೆಗೆ ಐದಾರು ನಾಟಿಕಲ್ ಮೈಲಿ, ಸಿಕ್ಕರೆ ಮೂರು ವಾರ. ನೀನು ಹೇಳಿದ್ದೆಲ್ಲ ನನಗೆ ಅರ್ಥವಾಗಿದೆ. ಅಲ್ಲಿನ ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್‌ವರೆಗೆ. ಅದು ಮುಗಿಯುವ ಹೊತ್ತಿಗೆ ಹೊರಡುತ್ತೀರಿ. ವಾಣಿಜ್ಯ ಮಾರುತ ಬೆನ್ನ ಹಿಂದಿನಿಂದ ಬೀಸಿ ಪಶ್ಚಿಮಕ್ಕೆ ಒಯ್ಯುತ್ತದೆ. 1492ರಲ್ಲಿ ಕೊಲಂಬಸ್ ಹೋದದ್ದೂ ಅದೇ ದ್ವೀಪಗಳಿಂದ, ಅದೇ ಗಾಳಿ ಹಿಡಿದು. ಇದೆಲ್ಲ ಗೊತ್ತಿಲ್ಲದೆ ಬೇಡ ಅಂದವಳಲ್ಲ ನಾನು. ದೋಣಿ ಅಂದರೆ ಏನು ಅಂತ ಗೊತ್ತಿರುವುದಕ್ಕೇ ಬೇಡ ಅಂದೆ.

ಆಗ ನೀನು, "ನಮ್ಮ ನೌಕಾಪಡೆಯ ಹಾಯಿದೋಣಿ ತಾರಿಣಿಯಲ್ಲಿ ಆರು ಜನ ಹೆಣ್ಣುಮಕ್ಕಳು 2017ರಲ್ಲಿ ಹೊರಟು 254 ದಿನಕ್ಕೆ ಭೂಮಿ ಸುತ್ತಿ ಬಂದರಲ್ಲ, ಅವರಿಗೆಲ್ಲ ಅಮ್ಮಂದಿರು ಇರಲಿಲ್ವಾ?" ಅಂದೆ. ಇದ್ದರು ಪುಟ್ಟಿ. ಆ 254 ರಾತ್ರಿ ಅವರು ಹೇಗೆ ಕಳೆದಿರಬಹುದು ಅಂತ ನಾನು ನಿನ್ನೆಯಿಂದ ಯೋಚಿಸುತ್ತಿದ್ದೇನೆ.

ಆಮೇಲೆ ಇನ್ನೊಂದು ಮಾತು ಅಂದೆ. "ನನಗೆ ಈ ಹುಚ್ಚು ಹತ್ತಿದ್ದೇ ಆ ಗಾಳಿ ದಿನ, ನಿನ್ನ ಜೊತೆ." ನಾನು ಫೋನನ್ನು ಅಪ್ಪನ ಕೈಗೆ ಕೊಟ್ಟು ಎದ್ದು ಹೋದದ್ದು ಅದಕ್ಕೆ, ಸಿಟ್ಟಿಗಲ್ಲ.

ಅಜ್ಜ, ಅವರ ದೋಣಿ, ರಜೆಯ ದಿನಗಳು, ಇದನ್ನೆಲ್ಲ ನಿನಗೆ ನಾನು ಬರೆದು ತಿಳಿಸಬೇಕಾಗಿಲ್ಲ. ಆದರೆ ಗಾಳಿ ದಿನದಲ್ಲಿ ನಿನಗೆ ನೆನಪಿರುವುದೇ ಬೇರೆ, ನನಗೆ ನೆನಪಿರುವುದೇ ಬೇರೆ. ಅದಕ್ಕೆ ಕಾರಣವೂ ಇದೆ. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ನಾನು ನಡುವಿನ ಹಲಗೆಯಲ್ಲಿ, ನೀನು ಹಿಂಬದಿಯ ಹಲಗೆಯಲ್ಲಿ ನನಗೆ ಎದುರಾಗಿ. ಎದುರಿಂದ ಬರುತ್ತಿದ್ದ ಅಲೆಗಳನ್ನು ನೋಡಿದವಳು ನೀನು. ನಾನು ಆ ಮಧ್ಯಾಹ್ನವಿಡೀ ನೋಡಿದ್ದು ನಿನ್ನನ್ನು ಮಾತ್ರ.

ಆಕಾಶ ನೋಡಿಯೇ ಹಿನ್ನೀರಿಗೆ ಹೊರಟಿದ್ದೆವು. ಊಟದ ಹೊತ್ತು ಕಳೆದ ಮೇಲೆ ಗಾಳಿ ಎದ್ದಿತು. ಅಲೆಯ ಎತ್ತರ ಬರೀ ಗಾಳಿಯ ಜೋರಿನಿಂದ ಬರುವುದಿಲ್ಲ. ಎಷ್ಟು ಹೊತ್ತು ಬೀಸಿತು, ಎಷ್ಟು ಉದ್ದದ ನೀರಿನ ಮೇಲೆ ಬೀಸಿತು, ಅದೂ ಸೇರುತ್ತದೆ. ಆ ಹಿನ್ನೀರು ಗಾಳಿ ಬೀಸುವ ದಿಕ್ಕಿಗೇ ಉದ್ದಕ್ಕೆ ಹರಡಿಕೊಂಡಿತ್ತು. ನಾನು ಹುಟ್ಟು ಎಳೆದೆ, ಎಳೆದೆ, ಎಳೆದೆ. ಪಕ್ಕದ ದಡದಲ್ಲಿ ಒಂದು ಒಣಮರ, ಅದರ ಹಿಂದೆ ಗುಡ್ಡದ ಮೇಲೊಂದು ಬಿಳಿ ಬಂಡೆ. ದೋಣಿ ಮುಂದೆ ಹೋಗುತ್ತಿದ್ದರೆ ಹತ್ತಿರದ ಮರ ದೂರದ ಬಂಡೆಯನ್ನು ಬಿಟ್ಟು ಹಿಂದೆ ಸರಿಯಬೇಕು. ಮರ ಬಂಡೆಯ ಮುಂದೆಯೇ ನಿಂತಿತ್ತು. ಅಂದರೆ ನಾವು ನಿಂತಲ್ಲೇ ಇದ್ದೆವು.

ಅಲೆಯ ನೆತ್ತಿ ಹಾರಿ ದೋಣಿಯೊಳಗೆ ಬೀಳುತ್ತಿತ್ತು. ನಿನ್ನ ಬಲಗೈಯಲ್ಲಿ ಬಾಯಿ ಕತ್ತರಿಸಿದ ಪ್ಲಾಸ್ಟಿಕ್ ಡಬ್ಬಿ, ಎಡಗೈ ದೋಣಿಯ ಅಂಚಿನ ಮೇಲೆ. ನೀರು ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಿದ್ದೆ. ದೊಡ್ಡ ಅಲೆ ಬಂದಾಗ ನಿನ್ನ ಕಣ್ಣು ನನ್ನ ತಲೆಯ ಮೇಲಕ್ಕೆ ಏರುತ್ತಿತ್ತು. ಕಣ್ಣು ಎಷ್ಟು ಮೇಲೆ ಹೋಯಿತು ನೋಡಿ ನಾನು ಹುಟ್ಟನ್ನು ನೀರಿನಲ್ಲಿ ಗಟ್ಟಿ ಹಿಡಿಯುತ್ತಿದ್ದೆ. ಆ ಎಡಗೈಯೊಂದು ಅಂಚಿನ ಮೇಲಿದ್ದರೆ ಸಾಕು ಅಂದುಕೊಂಡೇ ಎಳೆಯುತ್ತಿದ್ದೆ. ಬೆರಳುಗಳು ಬಿಳುಚಿಕೊಂಡಿದ್ದವು. ಹೆಬ್ಬೆರಳು ಮಾತ್ರ ಒಳಗಡೆ, ಉಳಿದ ನಾಲ್ಕು ಹೊರಗಡೆ.

ಆಮೇಲೆ ನೀನು ಆ ಕೈ ಬಿಟ್ಟೆ.

ನೀರು ಜಾಸ್ತಿ ಸೇರಿತ್ತು, ಒಂದು ಕೈಯಲ್ಲಿ ಆಗುತ್ತಿರಲಿಲ್ಲ, ಎರಡೂ ಕೈಯಲ್ಲಿ ಡಬ್ಬಿ ಹಿಡಿದೆ. ಅಷ್ಟೇ. ಕೆಲಸ ಮಾಡುವವರು ಮಾಡುವುದೇ ಅದು. "ಹಿಡ್ಕೋ, ಹಿಡ್ಕೋ" ಅಂತ ನಾನು ಕೂಗಿದ್ದು ಗಾಳಿಗೆ ಹೋಯಿತು. ನೀನು ತಲೆ ಎತ್ತಿದೆ. ಮುಖದ ತುಂಬಾ ನೀರು. ನಗುತ್ತಿದ್ದೆ! ಹಲ್ಲುಬಿದ್ದ ಜಾಗ ಕಾಣುವಷ್ಟು ನಗು. ನನ್ನ ಎರಡೂ ಕೈಯಲ್ಲಿ ಹುಟ್ಟು. ಒಂದನ್ನು ಬಿಟ್ಟರೂ ದೋಣಿ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದರೆ ಅಲೆ ಪಕ್ಕಕ್ಕೆ ಹೊಡೆದು ಮಗುಚುತ್ತದೆ. ಅಂದರೆ ನಿನ್ನನ್ನು ಹಿಡಿಯಬೇಕಾದರೆ ನಿನ್ನನ್ನು ಮುಳುಗಿಸಬೇಕು. ನಮ್ಮಿಬ್ಬರ ನಡುವೆ ಒಂದು ಮಾರು ದೂರವೂ ಇರಲಿಲ್ಲ ಪುಟ್ಟಿ. ಈಗಲೂ ಕಣ್ಣು ಮುಚ್ಚಿದರೆ ಆ ಎಡಗೈ ಇಲ್ಲದ ಅಂಚು ಕಾಣಿಸುತ್ತದೆ. ಒದ್ದೆ ಮರ, ಅದರ ಮೇಲೆ ಏನೂ ಇಲ್ಲ. ನೀನು ಸೈಕಲ್ ಕಲಿಯುವಾಗ ಕಾಣಿಸಿದೆ, ಹಾಸ್ಟೆಲಿಗೆ ಬಿಟ್ಟು ಬಂದ ರಾತ್ರಿ ಕಾಣಿಸಿದೆ, ನಿನ್ನೆಯೂ ಕಾಣಿಸಿತು.

ಮುಂದಿನದು ನಿನಗೆ ಗೊತ್ತು. ನೇರ ಹೋಗುವುದು ಬಿಟ್ಟು ಅಲೆಗೆ ಸ್ವಲ್ಪ ಓರೆಯಾಗಿ ಎಳೆದು, ನೀರಿಗೆ ಚಾಚಿಕೊಂಡಿದ್ದ ಗುಡ್ಡದ ಮರೆಗೆ ಬಂದೆವು. ಮರೆಗೆ ಬಂದೊಡನೆ ಗಾಳಿಯೇ ಇಲ್ಲ. ಮುಳುಗಿದ ಮರವೊಂದರ ತಲೆ ನೀರಿನಿಂದ ಎದ್ದಿತ್ತು. ಅದಕ್ಕೆ ಹಗ್ಗ ಕಟ್ಟಿದವಳು ನೀನು. ಅಜ್ಜ ಕಲಿಸಿದ ಬೋಲೈನ್ ಗಂಟು. ಎಷ್ಟು ಜಗ್ಗಿದರೂ ಜಾರುವುದಿಲ್ಲ, ಬಿಚ್ಚಬೇಕಾದಾಗ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ನನ್ನ ಕೈ ನಡುಗುತ್ತಿತ್ತು, ನನಗೆ ಅದನ್ನು ಕಟ್ಟಲು ಆಗುತ್ತಿರಲಿಲ್ಲ. ನೀನು ಕಟ್ಟಿ, ಎಳೆದು ನೋಡಿ, ನನ್ನ ಕಡೆ ತಿರುಗಿ, "ಅಮ್ಮಾ, ಇನ್ನೊಂದ್ಸಲ ಹೋಗೋಣ್ವಾ?" ಅಂದೆ.

ನಿನಗೆ ದೋಣಿಯ ಪ್ರೀತಿ ಹುಟ್ಟಿದ್ದು ಅಲ್ಲೇ ಅಂತ ನೀನು ಹೇಳಿದಾಗ ನನಗೆ ಹೇಗಾಗಿರಬೇಡ? ನನ್ನ ಭಯ ಹುಟ್ಟಿದ್ದೂ ಅಲ್ಲೇ.

ದೋಣಿಯ ಪ್ರೀತಿ ಯಾಕೆ ಕೆಲವರಿಗೆ ಹತ್ತುತ್ತದೆ, ಕೆಲವರಿಗೆ ಇಲ್ಲ ಅಂತ ನಾನು ತುಂಬಾ ಯೋಚಿಸಿದ್ದೇನೆ. ನೀರು ಚೆಂದ, ಸೂರ್ಯಾಸ್ತ ಚೆಂದ ಅಂತ ಬಂದವರು ಫೋಟೋ ತೆಗೆದುಕೊಂಡು ಇಳಿದು ಹೋಗುತ್ತಾರೆ. ದೋಣಿಯಲ್ಲಿ ಒಂದು ಕೆಲಸ ಸಿಕ್ಕಿದ ಮಗು ಮಾತ್ರ ಮತ್ತೆ ಬರುತ್ತದೆ. ಅಜ್ಜ ನನಗೂ ಹಾಗೇ ಮಾಡಿದ್ದರು. ಬೇಸಿಗೆಯೆಲ್ಲ ದಡದಲ್ಲಿ ಒಣಗಿದ ಮರದ ದೋಣಿಯನ್ನು ನೀರಿಗೆ ಇಳಿಸಿದರೆ ಮೊದಮೊದಲು ಸೋರುತ್ತದೆ. ಹಲಗೆ ನೀರು ಕುಡಿದು ಉಬ್ಬಿಕೊಂಡು ಸಂದು ಮುಚ್ಚುವವರೆಗೂ ಮೊಗೆದು ಹಾಕುತ್ತಲೇ ಇರಬೇಕು. ಆ ಕೆಲಸ ನನ್ನದು. "ನೀನು ಮೊಗೆಯದಿದ್ದರೆ ದೋಣಿ ಇರುವುದಿಲ್ಲ" ಅನ್ನುತ್ತಿದ್ದರು. ದೊಡ್ಡವರೊಬ್ಬರು ನನ್ನನ್ನು ಅಷ್ಟು ನಂಬಿದ್ದು ಅದೇ ಮೊದಲು. ಅದೇ ನಂಬಿಕೆಯಿಂದ ನಾನು ನಿನ್ನ ಕೈಗೆ ಆ ಡಬ್ಬಿ ಕೊಟ್ಟೆ. ಎಲೆನ್ ಮ್ಯಾಕ್‌ಆರ್ಥರ್ ಕಥೆ ನಾನೇ ನಿನಗೆ ಹೇಳಿದ್ದೆ, ಅಲ್ವಾ? ನಾಲ್ಕನೇ ವಯಸ್ಸಿಗೆ ಬಂಧುವೊಬ್ಬರ ದೋಣಿ ಹತ್ತಿದ ಹುಡುಗಿ, ಶಾಲೆಯ ಊಟದ ದುಡ್ಡು ಉಳಿಸಿ ಪುಟ್ಟ ದೋಣಿ ಕೊಂಡಳು. 2005ರಲ್ಲಿ ಒಬ್ಬಳೇ 71 ದಿನ 14 ಗಂಟೆಯಲ್ಲಿ ಭೂಮಿ ಸುತ್ತಿ ದಾಖಲೆ ಮಾಡಿದಳು. ಹೇಳುವಾಗ ನನಗೂ ಖುಷಿಯಿತ್ತು. ಕಥೆ ಕೇಳುತ್ತಾ ಮಲಗಿದ್ದ ಮಗು ಒಂದು ದಿನ ಗಂಟು ಕಟ್ಟಿ ಹೊರಟೇಬಿಡುತ್ತದೆ ಅಂತ ಯಾವ ತಾಯಿ ಲೆಕ್ಕ ಹಾಕುತ್ತಾಳೆ?

ಆದರೆ ಎರಿಕ್ ತಬಾರ್ಲಿಯ ಕಥೆ ಹೇಳಿರಲಿಲ್ಲ. ಈಗ ಹೇಳುತ್ತೇನೆ. ಫ್ರಾನ್ಸಿನವರು. ಅವರು ಚಿಕ್ಕ ಹುಡುಗನಾಗಿದ್ದಾಗ, 1938ರಲ್ಲಿ, ಅವರ ಅಪ್ಪ ಒಂದು ಹಳೇ ಮರದ ಹಾಯಿದೋಣಿ ಕೊಂಡರು. ಹೆಸರು ಪೆನ್ ಡುಯಿಕ್, 1898ರಲ್ಲಿ ಕಟ್ಟಿದ್ದು. ಮುಂದೆ ಅದರ ಮರ ಕೊಳೆತುಹೋಯಿತು. ಬೇರೆಯವರಾದರೆ ಸೌದೆಗೆ ಹಾಕುತ್ತಿದ್ದರು. ತಬಾರ್ಲಿ ಅದೇ ಹಳೇ ಒಡಲನ್ನು ಅಚ್ಚು ಮಾಡಿಕೊಂಡು ಅದರ ಮೇಲೆ ಪಾಲಿಯೆಸ್ಟರ್ ಒಡಲು ಎರೆದು ದೋಣಿಯನ್ನು ಉಳಿಸಿಕೊಂಡರು. 1964ರಲ್ಲಿ, ಮತ್ತೆ 1976ರಲ್ಲಿ, ಒಬ್ಬರೇ ಅಟ್ಲಾಂಟಿಕ್ ದಾಟುವ ಪಂದ್ಯ ಗೆದ್ದರು. ಅವರಿಗಿಂತ ಚೆನ್ನಾಗಿ ಸಮುದ್ರ ಬಲ್ಲವರು ಎಷ್ಟು ಜನ ಇದ್ದರು? 1998ರ ಜೂನ್‌ನಲ್ಲಿ, ದೋಣಿಗೆ ನೂರು ತುಂಬಿದ ವರ್ಷ, ಅದೇ ಪೆನ್ ಡುಯಿಕ್‌ನಲ್ಲಿ ಐರಿಷ್ ಸಮುದ್ರದಲ್ಲಿ ಹೋಗುತ್ತಿದ್ದರು. ರಾತ್ರಿ ಹೊತ್ತು ಹಾಯಿ ಬದಲಾಯಿಸುವಾಗ ನೀರಿಗೆ ಬಿದ್ದರು. ಜೊತೆಗೆ ಜನರಿದ್ದರು. ಸಿಗಲಿಲ್ಲ. ಮೈಗೆ ಹಗ್ಗ ಕಟ್ಟಿಕೊಂಡಿರಲಿಲ್ಲ.

ಬಾಲ್ಯದಿಂದ ಪ್ರೀತಿಸಿದ ದೋಣಿ. ಕೈಯಾರೆ ಉಳಿಸಿಕೊಂಡ ದೋಣಿ. ಪ್ರೀತಿ ಇದ್ದ ಮಾತ್ರಕ್ಕೆ ದೋಣಿ ಕಾಯುವುದಿಲ್ಲ ಪುಟ್ಟಿ.

ಈಗ ಲೆಕ್ಕ ಕೇಳು. ಆರು ನಾಟ್ ಅಂದರೆ ನಿಮಿಷಕ್ಕೆ ಸುಮಾರು 185 ಮೀಟರ್. ನೀನು ಬಿದ್ದದ್ದು ಗೊತ್ತಾಗಿ, ಯಾರೋ ಕೂಗಿ, ಚುಕ್ಕಾಣಿ ಹಿಡಿದವರು ತಿರುಗಿ ನೋಡುವಷ್ಟರಲ್ಲಿ ಒಂದು ನಿಮಿಷ ಆಗೇಹೋಗುತ್ತದೆ. ಗಾಳಿ ಬೆನ್ನಿಗಿರುವಾಗ ಹಾಯಿ ಇಳಿಸಿ ದೋಣಿ ತಿರುಗಿಸಲು ಇನ್ನೂ ಹೊತ್ತು ಬೇಕು. ಅಲೆಗಳ ನಡುವೆ ಮನುಷ್ಯರ ತಲೆ ತೇಲುವ ತೆಂಗಿನಕಾಯಿಯಷ್ಟು ಕಾಣುತ್ತದೆ, ಅದೂ ಹಗಲಿನಲ್ಲಿ. ರಾತ್ರಿಯ ಮಾತು ಬರೆಯಲಾರೆ.

ಅದಕ್ಕೇ ಹೇಳುವುದು. ಹಾರ್ನೆಸ್, ಅಂದರೆ ಮೈಗೆ ಬಿಗಿಯುವ ಆ ಪಟ್ಟಿ, ಹಾಕಿಕೋ. ಮೆಟ್ಟಿಲು ಹತ್ತಿ ಮೇಲೆ ಬಂದ ಮೇಲಲ್ಲ, ಕೆಳಗೆ ನಿಂತೇ ಹಗ್ಗದ ಕೊಕ್ಕೆ ಸಿಕ್ಕಿಸಿ ಆಮೇಲೆ ಮೇಲೆ ಬಾ. ಇಳಿಯುವಾಗ ಕೆಳಗೆ ಇಳಿದ ಮೇಲೆ ಬಿಚ್ಚು. ನಿನ್ನ ಪಾಳಿ ಇರಲಿ ಇಲ್ಲದಿರಲಿ, ಗಾಳಿ ಇರಲಿ ಇಲ್ಲದಿರಲಿ. ರಾತ್ರಿ ಒಬ್ಬಳೇ ಮುಂಭಾಗಕ್ಕೆ ಹೋಗಬೇಡ, ಒಬ್ಬರನ್ನು ಎಬ್ಬಿಸು, ಅವರು ಬೈದರೆ ಬೈಯಲಿ. ಗಾಳಿ ಹಿಂದಿನಿಂದ ಬೀಸುವಾಗ ಬೂಮ್, ಹಾಯಿಯ ಕೆಳ ಅಂಚಿನ ಆ ಉದ್ದ ಕಂಬ, ಯಾವ ಕ್ಷಣದಲ್ಲಾದರೂ ಈ ಪಕ್ಕದಿಂದ ಆ ಪಕ್ಕಕ್ಕೆ ಬೀಸಿಬರಬಹುದು. ಅದನ್ನು ತಡೆಯುವ ಹಗ್ಗ ಕಟ್ಟಿದ್ದಾರಾ ಅಂತ ನೀನೇ ನೋಡು, ಕಟ್ಟಿದ್ದರೂ ತಲೆ ಬಗ್ಗಿಸಿಯೇ ಓಡಾಡು. ಮೊದಲ ಎರಡು ಮೂರು ದಿನ ಹೊಟ್ಟೆ ತೊಳಸುತ್ತದೆ, ವಾಂತಿ ಬಂತು ಅಂತ ಅಂಚಿಗೆ ಓಡಬೇಡ, ಬಕೆಟ್ ಹಿಡಿದುಕೋ. ಹೊರಡುವ ಮುಂಚೆ ದೋಣಿ ನಡೆಸುವ ಸ್ಕಿಪ್ಪರನ್ನು ಕೇಳು, ಬಿದ್ದವರನ್ನು ಎತ್ತುವ ಅಭ್ಯಾಸ ಎಲ್ಲರೂ ಸೇರಿ ಯಾವಾಗ ಮಾಡುತ್ತೇವೆ ಅಂತ. ಉತ್ತರಕ್ಕೆ ತಡವರಿಸಿದರೆ ಆ ದೋಣಿ ಬಿಟ್ಟು ಬೇರೆ ದೋಣಿ ನೋಡು. ಜಾಗ ಮತ್ತೆ ಸಿಗುತ್ತದೆ. ನಾವಿಕರು ಹೇಳುವುದು ನಿನಗೆ ಗೊತ್ತೇ ಇದೆ, ಒಂದು ಕೈ ದೋಣಿಗೆ, ಒಂದು ಕೈ ನಿನಗೆ. ಎಡಗೈ, ಪುಟ್ಟಿ. ಆ ಎಡಗೈ ನಿನಗೆ.

ನಾಲ್ಕು ಮಾತು ಬರೆಯುತ್ತೇನೆ ಅಂತ ಕೂತವಳು ಭಾಷಣ ಮಾಡಿಬಿಟ್ಟೆ. ಇರಲಿ, ಅಳಿಸುವುದಿಲ್ಲ.

ಒಂದು ವಿಷಯ ಮಾತ್ರ ನಿನ್ನೆ ಹೇಳಲಿಲ್ಲ. ನೀನು ದಾರಿ, ಗಾಳಿ, ತಿಂಗಳು, ಪಾಳಿ ಎಲ್ಲ ವಿವರಿಸುತ್ತಿದ್ದೆಯಲ್ಲ, ನಾನು ಜಗಳಕ್ಕೆ ಒಂದು ತಪ್ಪು ಹುಡುಕುತ್ತಿದ್ದೆ, ಸಿಗಲಿಲ್ಲ. ಅಷ್ಟು ಸರಿಯಾಗಿ ಹೇಳಿದೆ. ಫೋನ್ ಕೊಟ್ಟು ಎದ್ದು ಹೋದ ಮೇಲೂ ಬಾಗಿಲ ಹಿಂದೆ ನಿಂತು ನೀನು ಅಪ್ಪನಿಗೆ ಹೇಳುತ್ತಿದ್ದದ್ದನ್ನು ಕೇಳಿದೆ. ಅಜ್ಜ ಇದ್ದಿದ್ದರೆ ನಿನ್ನ ಹಗ್ಗ, ಗಂಟು ಎಲ್ಲ ಎಳೆದೆಳೆದು ನೋಡಿ ಕಳಿಸಿಕೊಡುತ್ತಿದ್ದರು. ನನಗೆ ನಿನ್ನ ಬಗ್ಗೆ ಎಷ್ಟು ಹೆಮ್ಮೆ ಅನ್ನುವುದು ನಿನಗೆ ಗೊತ್ತಿಲ್ಲ. ಹೋಗು ಅಂತ ಬಾಯಲ್ಲಿ ಹೇಳಲು ನನಗೆ ಇನ್ನೂ ಸ್ವಲ್ಪ ದಿನ ಬೇಕು. ಬರೆದು ಕೊಡು ಅಂದರೆ ಇದೋ, ಹೋಗಿ ಬಾ.

ಅಪಾಯದಲ್ಲಿ ಸಂಕೇತ ಕಳಿಸಲು ಜಾಕೆಟ್ಟಿಗೆ ಸಿಕ್ಕಿಸಿಕೊಳ್ಳುವ ಬೀಕನ್ ಕೊಳ್ಳಲು ಅಪ್ಪ ದುಡ್ಡು ಹಾಕುತ್ತಾರೆ. 406 ಮೆಗಾಹರ್ಟ್ಸ್‌ನದೇ ತಗೋ, ಉಪಗ್ರಹಕ್ಕೆ ಸಿಗ್ನಲ್ ಹೋಗುವುದು ಅದರಿಂದ. ಸುಮ್ನೆ ಕೊಂಡು ಇಟ್ಟುಕೊಂಡರೆ ಸಾಲದು, ನಿನ್ನ ಹೆಸರಿನಲ್ಲಿ ನೋಂದಾಯಿಸಬೇಕು. ಅದರಲ್ಲಿ ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಅಂತ ಕೇಳುತ್ತಾರೆ. ನನ್ನ ನಂಬರ್ ಕೊಡು. ಅಪ್ಪನದು ಎರಡನೆಯದಾಗಿರಲಿ. ಅವರು ಮಲಗಿದರೆ ಫೋನ್ ಕೇಳಿಸುವುದಿಲ್ಲ, ನಾನು ಆ ಮೂರು ವಾರ ಎಚ್ಚರವಾಗಿಯೇ ಇರುತ್ತೇನೆ.

ನಿನ್ನ
ಅಮ್ಮ